ಬಾಫೊಮೆಟ್: ರಹಸ್ಯ ಸಂಘದ ‘ತಲೆ’ಗೆ ಅಂಟಿಸಿದ ಹೆಸರು ಯಾರದ್ದು?

ಆಡಿನ ತಲೆ, ಎರಡು ಕೊಂಬು, ಹಣೆಯಲ್ಲಿ ನಕ್ಷತ್ರ, ಕೊಂಬುಗಳ ನಡುವೆ ಉರಿಯುವ ಪಂಜು. ಹಿನ್ನೆಲೆಯಲ್ಲಿ ಎದೆ ನಡುಗಿಸುವ ಸಂಗೀತ. “ಜಗತ್ತನ್ನು ಆಳುವ ರಹಸ್ಯ ಸಂಘದವರು ಪೂಜಿಸುವುದು ಇದನ್ನೇ, ಇದರ ಹೆಸರು ಬಾಫೊಮೆಟ್” ಎಂಬ ಮಾತು. ಇಂಥ ವೀಡಿಯೊ ಒಮ್ಮೆಯಾದರೂ ಮೊಬೈಲಿಗೆ ಬಾರದ ಯುವಕರು ಇಂದು ಕಡಿಮೆ. ದಜ್ಜಾಲ್, ಇಲ್ಯುಮಿನಾಟಿ ಎಂಬ ಪದಗಳನ್ನೂ ಸೇರಿಸಿಬಿಟ್ಟರೆ ಫಾರ್ವರ್ಡ್ ಆಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಆದರೆ ಆ ಹೆಸರು ಬಂದದ್ದು ಎಲ್ಲಿಂದ ಅಂತ ಕೇಳುವವರು ವಿರಳ. ಕೇಳಿದರೆ ಸಿಗುವ ಉತ್ತರ ಎಂಥವರನ್ನೂ ಒಂದು ಕ್ಷಣ ಸುಮ್ಮನಾಗಿಸುತ್ತದೆ. ಹೆಚ್ಚಿನ ಇತಿಹಾಸಕಾರರು ಒಪ್ಪುವ ಪ್ರಕಾರ, ‘ಬಾಫೊಮೆಟ್’ ಎಂಬುದು ಪ್ರವಾದಿ ಮುಹಮ್ಮದ್ (ಸ) ಅವರ ಹೆಸರನ್ನು ಮಧ್ಯಯುಗದ ಯುರೋಪಿನವರು ತಿರುಚಿ ಉಚ್ಚರಿಸಿದ ರೂಪ. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಒಂದು ಅಪಪ್ರಚಾರವನ್ನು, ಅದು ಯಾರ ಮೇಲಿನ ಅಪಪ್ರಚಾರವೋ ಅವರದ್ದೇ ಸಮುದಾಯದ ಮಕ್ಕಳು ಅರಿಯದೆ ಹಂಚುತ್ತಿದ್ದಾರೆ ಎಂದರ್ಥ.

ಈ ಕತೆ ಶುರುವಾಗುವುದು ಆಡಿನ ತಲೆಯಿಂದಲ್ಲ, ಮನುಷ್ಯನ ತಲೆಯಿಂದ. ಅದೂ ಯಾರೂ ಸರಿಯಾಗಿ ನೋಡಿರದ ಒಂದು ತಲೆಯಿಂದ.

ಅಲ್ ಅಖ್ಸಾದಲ್ಲಿ ನೆಲೆಸಿದ್ದ ಸೈನಿಕ ಸನ್ಯಾಸಿಗಳು

1099ರಲ್ಲಿ ಶಿಲುಬೆ ಯುದ್ಧದ ಸೈನ್ಯ ಜೆರುಸಲೇಮನ್ನು ವಶಪಡಿಸಿಕೊಂಡಿತು. ಸುಮಾರು 20 ವರ್ಷಗಳ ನಂತರ, ಯುರೋಪಿನಿಂದ ಬರುವ ಯಾತ್ರಿಕರನ್ನು ಕಾಯಲು ಫ್ರಾನ್ಸಿನ ಕೆಲವು ಯೋಧರು ಒಂದು ಸಂಘ ಕಟ್ಟಿಕೊಂಡರು. ಇವರು ಸನ್ಯಾಸಿಗಳ ಹಾಗೆ ವ್ರತ ತೊಟ್ಟವರು, ಸೈನಿಕರ ಹಾಗೆ ಕತ್ತಿ ಹಿಡಿದವರು. ಅಲ್ಲಿನ ರಾಜ ಅವರಿಗೆ ವಾಸಕ್ಕೆ ಕೊಟ್ಟದ್ದು ಮಸ್ಜಿದುಲ್ ಅಖ್ಸಾವನ್ನು. ಅದನ್ನು ಸುಲೈಮಾನ್ (ಅ) ಅವರ ದೇವಾಲಯ ಎಂದೇ ಅವರು ಕರೆಯುತ್ತಿದ್ದರು. ದೇವಾಲಯದವರು ಎಂಬರ್ಥದ ‘ಟೆಂಪ್ಲರ್’ ಎಂಬ ಹೆಸರು ಬಂದದ್ದೂ ಹಾಗೆಯೇ.

ಟೆಂಪ್ಲರರು ಮುಸ್ಲಿಮರ ಗೆಳೆಯರೇನೂ ಅಲ್ಲ. 1187ರಲ್ಲಿ ಹಿತ್ತೀನ್ ಯುದ್ಧ ಗೆದ್ದ ಸಲಾಹುದ್ದೀನ್ ಅಯ್ಯೂಬಿ, ಸೆರೆಸಿಕ್ಕ ಬಹುತೇಕರನ್ನು ಬದುಕಲು ಬಿಟ್ಟರೂ ಟೆಂಪ್ಲರರ ಕೊರಳು ಕಡಿಸಿದರು. ಅಷ್ಟು ಕಟ್ಟಾ ಶತ್ರುಗಳು. ಆದರೆ ಶತ್ರುತ್ವದ ನಡುವೆಯೂ ಒಬ್ಬರನ್ನೊಬ್ಬರು ಹತ್ತಿರದಿಂದ ಬಲ್ಲವರು. ಸಿರಿಯಾದ ಶೈಝರ್ ಕೋಟೆಯ ಉಸಾಮಾ ಇಬ್ನ್ ಮುನ್ಖಿದ್ ತಮ್ಮ ನೆನಪಿನ ಬರಹದಲ್ಲಿ ಒಂದು ಘಟನೆ ದಾಖಲಿಸಿದ್ದಾರೆ. ಅವರು ಜೆರುಸಲೇಮಿಗೆ ಹೋದಾಗಲೆಲ್ಲ ಟೆಂಪ್ಲರರು ಅಖ್ಸಾದ ಪಕ್ಕದ ಚಿಕ್ಕ ಮಸೀದಿಯನ್ನು ನಮಾಝ್‌ಗೆ ತೆರವು ಮಾಡಿಕೊಡುತ್ತಿದ್ದರಂತೆ. ಒಮ್ಮೆ ಯುರೋಪಿನಿಂದ ಹೊಸದಾಗಿ ಬಂದಿದ್ದ ಒಬ್ಬ, ನಮಾಝ್‌ನಲ್ಲಿದ್ದ ಉಸಾಮಾರನ್ನು ಹಿಡಿದು ಮುಖವನ್ನು ಪೂರ್ವಕ್ಕೆ ತಿರುಗಿಸಿದ. ಟೆಂಪ್ಲರರೇ ಅವನನ್ನು ಎಳೆದು ಹೊರಹಾಕಿ, “ಇವನು ಊರಿಗೆ ಹೊಸಬ” ಎಂದು ಕ್ಷಮೆ ಕೇಳಿದರು.

ಸಂಘ ಬೆಳೆಯಿತು. ಯುರೋಪಿನಾದ್ಯಂತ ಜಮೀನು, ಕೋಟೆ, ಹಣ ಸೇರಿತು. ಯಾತ್ರಿಕರ ಹಣ ಕಾಯುವುದು, ರಾಜರಿಗೆ ಸಾಲ ಕೊಡುವುದು, ಎಲ್ಲವೂ ಅವರ ಕೈಯಲ್ಲಿತ್ತು. ಹೊಸ ಸದಸ್ಯರನ್ನು ಸೇರಿಸಿಕೊಳ್ಳುವ ವಿಧಿ ಮಾತ್ರ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತು. ಮುಂದೆ ಅವರ ಕೊರಳಿಗೆ ಉರುಳಾದದ್ದು ಆ ಮುಚ್ಚಿದ ಬಾಗಿಲೇ.

ಒಂದೇ ಬೆಳಗ್ಗೆ ಸಾಮೂಹಿಕ ಬಂಧನ

1291ರಲ್ಲಿ ಅಕ್ಕಾ ಪಟ್ಟಣವೂ ಕೈತಪ್ಪಿದ ಮೇಲೆ ಟೆಂಪ್ಲರರಿಗೆ ಕಾಯಲು ಪವಿತ್ರ ಭೂಮಿ ಉಳಿಯಲಿಲ್ಲ. ಆಸ್ತಿ ಮಾತ್ರ ಉಳಿದಿತ್ತು. ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್‌ಗೆ ಹಣದ ಅಡಚಣೆ. 1306ರಲ್ಲಿ ಅವನು ತನ್ನ ರಾಜ್ಯದ ಯಹೂದಿಗಳನ್ನೆಲ್ಲ ಹೊರಗಟ್ಟಿ ಅವರ ಸೊತ್ತು ಕಿತ್ತುಕೊಂಡಿದ್ದ. ಮರುವರ್ಷ ಅವನ ಕಣ್ಣು ಟೆಂಪ್ಲರರ ಮೇಲೆ ಬಿತ್ತು.

1307ರ ಸೆಪ್ಟೆಂಬರ್ 14ರಂದು ರಾಜನ ಗುಪ್ತ ಆದೇಶ ಹೊರಟಿತು. ಅಕ್ಟೋಬರ್ 13ರ ಶುಕ್ರವಾರ ಬೆಳಗ್ಗೆ ಫ್ರಾನ್ಸಿನಾದ್ಯಂತ ಟೆಂಪ್ಲರರನ್ನು ಒಮ್ಮೆಲೇ ಬಂಧಿಸಲಾಯಿತು. ಅವರು ಈಸಾ (ಅ) ಅವರನ್ನು ನಿರಾಕರಿಸುತ್ತಾರೆ, ಶಿಲುಬೆಗೆ ಉಗುಳುತ್ತಾರೆ, ಒಂದು ತಲೆಯನ್ನು ಪೂಜಿಸುತ್ತಾರೆ ಎಂಬುದು ಆರೋಪ.

ಮರುವರ್ಷ ಪೋಪರ ಕಡೆಯಿಂದ ಬಂದ ಆರೋಪಪಟ್ಟಿಯಲ್ಲಿ 127 ಅಂಶಗಳಿದ್ದವು. ಅದರಲ್ಲಿ ಈ ತಲೆಯ ಬಗ್ಗೆ ಇದ್ದ ವಿವರ ಹೀಗಿದೆ: ಪ್ರತಿ ಪ್ರಾಂತ್ಯದಲ್ಲೂ ಇಂಥ ವಿಗ್ರಹಗಳಿವೆ, ಕೆಲವಕ್ಕೆ ಮೂರು ಮುಖ, ಕೆಲವಕ್ಕೆ ಒಂದೇ, ಕೆಲವು ಮನುಷ್ಯರ ಬುರುಡೆ, ಈ ತಲೆ ಸಂಪತ್ತು ಕೊಡುತ್ತದೆ, ಮರ ಹೂಬಿಡುವಂತೆ, ನೆಲ ಮೊಳಕೆಯೊಡೆಯುವಂತೆ ಮಾಡುತ್ತದೆ ಅಂತ ಅವರು ನಂಬುತ್ತಾರೆ, ತಲೆಗೆ ಮುಟ್ಟಿಸಿದ ದಾರವನ್ನು ಮೈಗೆ ಸುತ್ತಿಕೊಳ್ಳುತ್ತಾರೆ.

ಒಂದು ತಲೆ, ಹತ್ತಾರು ವರ್ಣನೆ

ಪ್ಯಾರಿಸ್‌ನಲ್ಲಿ ಮೊದಲ ಸುತ್ತಿನಲ್ಲಿ 138 ಟೆಂಪ್ಲರರ ವಿಚಾರಣೆ ನಡೆಯಿತು. 134 ಮಂದಿ ಯಾವುದಾದರೊಂದು ಆರೋಪ ಒಪ್ಪಿಕೊಂಡರು. ಆದರೆ ತಲೆಯ ಬಗ್ಗೆ ಮಾತಾಡಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಅವರ ಮಾತುಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. ಒಬ್ಬನ ಪ್ರಕಾರ ಅದಕ್ಕೆ ಗಡ್ಡವಿತ್ತು. ಇನ್ನೊಬ್ಬನ ಪ್ರಕಾರ ಎರಡು ಮುಖ. ಒಬ್ಬ ಮರದ್ದು ಅಂದ, ಮತ್ತೊಬ್ಬ ಬೆಳ್ಳಿಯದ್ದು ಅಂದ. ದೆವ್ವದ ಹಾಗೆ ಭಯಂಕರವಾಗಿತ್ತು ಅಂದವನೂ ಇದ್ದ, ಅದೊಬ್ಬ ಸಂತಳ ತಲೆ ಅಂದುಕೊಂಡಿದ್ದೆ ಅಂದವನೂ ಇದ್ದ.

‘ಬಾಫೊಮೆಟ್’ ಎಂಬ ಪದ ಬರುವುದು ದಕ್ಷಿಣ ಫ್ರಾನ್ಸಿನ ಕೆಲವು ಹೇಳಿಕೆಗಳಲ್ಲಿ. ಗೊಸೆರಾನ್ ಎಂಬ ಟೆಂಪ್ಲರ್ ತಾನು ನೋಡಿದ ವಿಗ್ರಹ ಬಾಫೊಮೆಟ್‌ನ ರೂಪದಲ್ಲಿತ್ತು ಅಂದ. ರೇಮಂಡ್ ಎಂಬ ಇನ್ನೊಬ್ಬನ ಹೇಳಿಕೆ ಇನ್ನೂ ವಿಚಿತ್ರ. ಬಾಫೊಮೆಟ್‌ನ ಚಿತ್ರವಿದ್ದ ಆ ವಸ್ತುವಿಗೆ ಮುತ್ತಿಡುವಾಗ ‘ಯಲ್ಲಾ’ ಎಂದು ಹೇಳಬೇಕಿತ್ತಂತೆ. ಅದು ಸಾರಸೆನರ, ಅಂದರೆ ಮುಸ್ಲಿಮರ ಪದ ಎಂದೂ ಅವನು ಸೇರಿಸಿದ.

ಗಲ್ಫ್‌ನಲ್ಲಿ ದುಡಿದು ಬಂದ ಯಾರನ್ನಾದರೂ ಕೇಳಿ ನೋಡಿ, ‘ಯಲ್ಲಾ’ ಅಂದರೆ ಏನು ಅಂತ. ಬೇಗ ಹೊರಡು, ಬಾ, ನಡಿ ಅಷ್ಟೇ. ‘ಯಾ ಅಲ್ಲಾಹ್’ ಎಂಬ ಕರೆಯಿಂದ ಹುಟ್ಟಿ ದಿನಬಳಕೆಗೆ ಇಳಿದ ಮಾತು. ಆ ಒಂದು ಪದ 14ನೇ ಶತಮಾನದ ಫ್ರಾನ್ಸಿನ ನ್ಯಾಯ ವಿಚಾರಣೆಯಲ್ಲಿ ವಿಗ್ರಹಾರಾಧನೆಗೆ ಸಾಕ್ಷಿಯಾಯಿತು.

ಹೆಸರಿನ ಹುಟ್ಟು

ಟೆಂಪ್ಲರ್ ಸಂಘ ಹುಟ್ಟುವ ಮೊದಲೇ ಈ ಹೆಸರು ಚಲಾವಣೆಯಲ್ಲಿತ್ತು. ಮೊದಲ ಶಿಲುಬೆ ಯುದ್ಧದಲ್ಲಿ ಭಾಗವಹಿಸಿದ್ದ ಫ್ರೆಂಚ್ ಯೋಧನೊಬ್ಬ 1098ರಲ್ಲಿ ಬರೆದ ಪತ್ರದಲ್ಲಿ, ಅಂತಾಕಿಯಾದಲ್ಲಿ ಎದುರಾಳಿಗಳು ಗಟ್ಟಿಯಾಗಿ ಬಾಫೊಮೆಟ್‌ನನ್ನು ಕೂಗಿದರು ಎಂದಿದೆ. ಅದೇ ಯುದ್ಧವನ್ನು ದಾಖಲಿಸಿದ ರೇಮಂಡ್ ಎಂಬ ಪಾದ್ರಿ ಮಸೀದಿಗಳನ್ನು ‘ಬಾಫುಮಾರಿಯಾ’ ಎಂದು ಕರೆದ. ಇಲ್ಲಿ ಗುಟ್ಟಿನ ದೇವರೂ ಇಲ್ಲ, ಆಡಿನ ತಲೆಯೂ ಇಲ್ಲ. ಪ್ರವಾದಿ (ಸ) ಅವರ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದದ್ದಷ್ಟೇ.

ಆ ಕಾಲದ ಯುರೋಪಿನ ಹಾಡುಗಬ್ಬಗಳಲ್ಲಿ ಮುಸ್ಲಿಮರೆಂದರೆ ವಿಗ್ರಹ ಪೂಜಿಸುವವರು. ಪ್ರಸಿದ್ಧ ‘ರೋಲಾಂಡನ ಹಾಡು’ ಕಾವ್ಯದಲ್ಲಿ ಪ್ರವಾದಿ (ಸ) ಅವರ ಹೆಸರನ್ನೇ ಒಂದು ವಿಗ್ರಹಕ್ಕೆ ಇಟ್ಟು, ಮುಸ್ಲಿಮರು ಅದನ್ನು ಪೂಜಿಸುತ್ತಾರೆ ಎಂದು ಚಿತ್ರಿಸಲಾಗಿದೆ. ಮಸೀದಿಯೊಳಗೆ ಒಂದು ಚಿತ್ರವನ್ನೂ ಇಡದ ಸಮುದಾಯದ ಬಗ್ಗೆ ಹೆಣೆದ ಕತೆ ಇದು. ಆದ್ದರಿಂದ ಟೆಂಪ್ಲರರ ಮೇಲಿನ ಆರೋಪದ ನಿಜವಾದ ಅರ್ಥ ಇಷ್ಟೇ: “ಇವರು ಒಳಗೊಳಗೇ ಮುಸ್ಲಿಮರಾಗಿದ್ದಾರೆ.” ವಿಗ್ರಹವನ್ನೇ ಒಪ್ಪದ ಧರ್ಮಕ್ಕೆ ಗುಟ್ಟಾಗಿ ಸೇರಿದವರೆಂದು ತೋರಿಸಲು ವಿಗ್ರಹವನ್ನೇ ಸಾಕ್ಷಿಯಾಗಿ ಇಡಲಾಯಿತು.

ಕೊನೆಗೆ ಸಿಕ್ಕಿದ್ದು ಏನು?

ವಿಚಾರಣಾಧಿಕಾರಿಗಳು ತಲೆಗಾಗಿ ಹುಡುಕಿಸಿದರು. ಪ್ಯಾರಿಸ್‌ನ ಟೆಂಪ್ಲರ್ ಮನೆಯಿಂದ ತಂದು ತೋರಿಸಲು ಸಾಧ್ಯವಾದದ್ದು ಒಂದೇ ಒಂದು. ಬೆಳ್ಳಿಯಲ್ಲಿ ಮಾಡಿ ಚಿನ್ನದ ಲೇಪ ಕೊಟ್ಟ, ಹೆಣ್ಣಿನ ಮುಖದ ಒಂದು ಕರಂಡಕ. ಅದರೊಳಗೆ ಬಿಳಿ ನಾರುಬಟ್ಟೆಯಲ್ಲಿ ಹೊಲಿದು, ಕೆಂಪು ಬಟ್ಟೆ ಹೊದಿಸಿದ ಬುರುಡೆಯ ಮೂಳೆಗಳು. ‘ತಲೆ 58’ ಎಂಬರ್ಥದ ಒಂದು ಚೀಟಿ. ಮೂಳೆಗಳು ಚಿಕ್ಕವಾಗಿದ್ದರಿಂದ ಯಾವುದೋ ಹೆಂಗಸಿನದ್ದು ಅಂತ ನೋಡಿದವರು ಅಂದುಕೊಂಡರು.

ಇದರಲ್ಲಿ ಗುಟ್ಟೇನೂ ಇರಲಿಲ್ಲ. ಸಂತರ ಮೂಳೆಗಳನ್ನು ಬೆಳ್ಳಿಯ ತಲೆಯಾಕಾರದ ಪೆಟ್ಟಿಗೆಯಲ್ಲಿಟ್ಟು ಗೌರವಿಸುವುದು ಆಗಿನ ಯುರೋಪಿನ ಚರ್ಚುಗಳಲ್ಲಿ ಮಾಮೂಲಿ ಪದ್ಧತಿ. ಪಕ್ಕದ ಊರಿನ ಚರ್ಚಿನಲ್ಲಿದ್ದರೆ ಭಕ್ತಿ ಎನಿಸಿಕೊಳ್ಳುವ ವಸ್ತು, ಟೆಂಪ್ಲರರ ಮನೆಯಲ್ಲಿದ್ದ ಕಾರಣಕ್ಕೆ ವಿಗ್ರಹವಾಯಿತು.

ಹಾಗಾದರೆ ಅಷ್ಟು ಮಂದಿ ಒಪ್ಪಿಕೊಂಡದ್ದು ಯಾಕೆ? ಪೊನ್ಸಾರ್ ದ ಗಿಝಿ ಎಂಬ ಟೆಂಪ್ಲರ್ 1309ರಲ್ಲಿ ಪೋಪರ ಆಯೋಗದ ಮುಂದೆ ಹೇಳಿದ ಪ್ರಕಾರ, ಅವನ ಕೈಗಳನ್ನು ಬೆನ್ನ ಹಿಂದೆ ಉಗುರಿನಿಂದ ರಕ್ತ ಚಿಮ್ಮುವಷ್ಟು ಬಿಗಿದು ಗುಂಡಿಯಲ್ಲಿ ಕೂಡಿಹಾಕಲಾಗಿತ್ತು. ಬರ್ನಾರ್ ಎಂಬ ಇನ್ನೊಬ್ಬನ ಪಾದಗಳನ್ನು ಬೆಂಕಿಗೆ ಹಿಡಿದಿದ್ದರು. ಕಾಲಿನಿಂದ ಉದುರಿದ ಮೂಳೆಗಳನ್ನು ಅವನು ಆಯೋಗದವರ ಮುಂದೆ ತೆಗೆದು ತೋರಿಸಿದ. ಚಿತ್ರಹಿಂಸೆ ಇಲ್ಲದ ಕಡೆ ಕತೆಯೇ ಬೇರೆ. ಸೈಪ್ರಸ್ ದ್ವೀಪದಲ್ಲಿ 76 ಟೆಂಪ್ಲರರನ್ನು ವಿಚಾರಿಸಿದಾಗ ಒಬ್ಬನೂ ಆರೋಪ ಒಪ್ಪಲಿಲ್ಲ.

ಹೇಳಿಕೆ ಹಿಂಪಡೆದವರಿಗೂ ಉಳಿಗಾಲ ಇರಲಿಲ್ಲ. 1310ರ ಮೇ 12ರಂದು ಪ್ಯಾರಿಸ್‌ನಲ್ಲಿ 54 ಟೆಂಪ್ಲರರನ್ನು ಜೀವಂತ ಸುಡಲಾಯಿತು. 1312ರಲ್ಲಿ ಪೋಪ್ ಸಂಘವನ್ನು ವಿಸರ್ಜಿಸಿದರು. ಆದರೆ ಅದು ಅಪರಾಧಿ ಎಂದು ತೀರ್ಪು ಕೊಡಲಿಲ್ಲ. 1314ರ ಮಾರ್ಚ್‌ನಲ್ಲಿ ಅದರ ಕೊನೆಯ ಮುಖ್ಯಸ್ಥ ಜಾಕ್ ದ ಮೊಲೆ ಸೇನ್ ನದಿಯ ದ್ವೀಪದಲ್ಲಿ ಬೆಂಕಿಗೆ ಆಹುತಿಯಾದರು.

ಕಡಿದ ತಲೆ ನಿಜಕ್ಕೂ ಏನು ಹೇಳುತ್ತದೆ?

ಟೆಂಪ್ಲರರ ವಿಗ್ರಹ ಕಟ್ಟುಕತೆಯಾದರೂ, ಗುಟ್ಟಿನ ಸಂಘಗಳಲ್ಲಿ ತಲೆ ಮತ್ತು ಬುರುಡೆಯ ಚಿಹ್ನೆ ಇರುವುದು ನಿಜ. ಮನುಷ್ಯನ ಗುರುತು ಮುಖದಲ್ಲಿದೆ, ಮಾತು ನಾಲಗೆಯಲ್ಲಿದೆ. ಎರಡೂ ಇರುವುದು ತಲೆಯಲ್ಲಿ. ಆದ್ದರಿಂದಲೇ ಆ ಚಿಹ್ನೆಗೆ ಅಷ್ಟು ಬಲ. ಆದರೆ ಅದರ ಅರ್ಥ ಎಲ್ಲ ಕಡೆ ಒಂದೇ ಅಲ್ಲ.

ಮೊದಲನೆಯದು, ಹುತಾತ್ಮರ ನೆನಪು. ರಾಜನ ತಪ್ಪನ್ನು ಮುಖಕ್ಕೆ ಹೇಳಿದ್ದಕ್ಕೆ ತಲೆ ಕಳೆದುಕೊಂಡ ಯಹ್ಯಾ (ಅ) ಅವರ ಶಿರಸ್ಸು ಇದೆ ಎಂದು ನಂಬಲಾಗುವ ಜಾಗ ದಮಾಸ್ಕಸ್‌ನ ಉಮಯ್ಯಾ ಮಸೀದಿಯೊಳಗಿದೆ. ಕ್ರೈಸ್ತರು ಅವರನ್ನು ಸ್ನಾನಿಕ ಯೋಹಾನರೆಂದು ಕರೆಯುತ್ತಾರೆ. ಅದೇ ಶಿರಸ್ಸು ತಮ್ಮಲ್ಲಿದೆ ಎಂದು ಫ್ರಾನ್ಸಿನ ಅಮಿಯೆನ್ ಕೆಥೆಡ್ರಲ್‌ನವರೂ ಹೇಳುತ್ತಾರೆ. 1488ರಲ್ಲಿ ರೋಮ್‌ನಲ್ಲಿ ಇವರ ಹೆಸರಿನಲ್ಲೇ ಒಂದು ಸಂಘ ಹುಟ್ಟಿತು. ತಟ್ಟೆಯಲ್ಲಿಟ್ಟ ಕಡಿದ ತಲೆಯೇ ಅದರ ಲಾಂಛನ. ಸದಸ್ಯರು ಮುಖ ಮುಚ್ಚುವ ಕಪ್ಪು ಮುಸುಕು ಧರಿಸುತ್ತಿದ್ದರು. ಇಂದು ಆ ಚಿತ್ರ ಯಾರ ಮೊಬೈಲಿಗಾದರೂ ಬಂದರೆ “ಸೈತಾನನ ಸಂಘ” ಎಂಬ ಶೀರ್ಷಿಕೆ ಗ್ಯಾರಂಟಿ. ಅವರ ಕೆಲಸ ಏನಾಗಿತ್ತು ಗೊತ್ತಾ? ಮರಣದಂಡನೆಗೆ ಗುರಿಯಾದವರ ಜೊತೆ ಕೊನೆಯ ರಾತ್ರಿ ಕಳೆಯುವುದು, ಸಮಾಧಾನ ಹೇಳುವುದು, ಯಾರೂ ಮುಟ್ಟದ ಆ ಹೆಣಗಳನ್ನು ಮಣ್ಣು ಮಾಡುವುದು. ವರ್ಷಕ್ಕೆ ಒಬ್ಬ ಕೈದಿಯನ್ನು ಬಿಡಿಸುವ ಹಕ್ಕೂ ಅವರಿಗೆ ಸಿಕ್ಕಿತ್ತು. ಮುಖ ಮುಚ್ಚುತ್ತಿದ್ದದ್ದು ಮಾಡಿದ ಪುಣ್ಯಕ್ಕೆ ಹೆಸರು ಬರಬಾರದು ಅಂತ.

ಎರಡನೆಯದು, ಪ್ರತಿಜ್ಞೆ. 18ನೇ ಶತಮಾನದ ಫ್ರಾನ್ಸಿನಲ್ಲಿ ಫ್ರೀಮೇಸನ್ ಸಂಘದ ಮೇಲ್ದರ್ಜೆಗಳು ಬೆಳೆದವು. ಅದರಲ್ಲಿ ‘ಒಂಬತ್ತು ಆಯ್ದವರು’ ಎಂಬ ದರ್ಜೆ ಒಂದು. ದೇವಾಲಯ ಕಟ್ಟಿದ ಶಿಲ್ಪಿ ಹಿರಾಮ್‌ನನ್ನು ಕೊಂದವನನ್ನು ಹುಡುಕಲು ರಾಜ ಸುಲೈಮಾನ್ ಒಂಬತ್ತು ಮಂದಿಯನ್ನು ಕಳಿಸುತ್ತಾರೆ. ಅವರಲ್ಲೊಬ್ಬ ಗುಹೆಯಲ್ಲಿ ಕೊಲೆಗಾರನನ್ನು ಕೊಂದು ತಲೆ ಕಡಿದು ತರುತ್ತಾನೆ. ಇದು ಆ ಸಂಘದೊಳಗಿನ ನಾಟಕದ ಕತೆ. ಆ ದರ್ಜೆಯ ಹಳೆಯ ಏಪ್ರನ್‌ಗಳಲ್ಲಿ ಕೂದಲು ಹಿಡಿದೆತ್ತಿದ ತಲೆಯ ಚಿತ್ರವೂ ಇದೆ. ಆದರೆ ಕತೆಯಲ್ಲಿ ರಾಜ ಮೊದಲು ಸಿಟ್ಟಾಗುತ್ತಾರೆ. ಯಾಕೆಂದರೆ ಶಿಕ್ಷೆ ಕೊಡುವ ಅಧಿಕಾರವನ್ನು ಅವನು ತಾನೇ ಕೈಗೆತ್ತಿಕೊಂಡಿದ್ದ. ಗುಟ್ಟು ಬಿಟ್ಟುಕೊಟ್ಟರೆ ಕೊರಳು ಹೋದೀತು ಎಂಬ ಮಾತು ಮೇಸನ್ ಪ್ರತಿಜ್ಞೆಯಲ್ಲೂ ಇತ್ತು. ಇಂಗ್ಲೆಂಡಿನ ಮುಖ್ಯ ಲಾಡ್ಜ್ 1986ರಲ್ಲಿ ಅಂಥ ಮಾತುಗಳನ್ನು ಪ್ರತಿಜ್ಞೆಯಿಂದ ತೆಗೆಯಲು ತೀರ್ಮಾನಿಸಿತು.

ಮೂರನೆಯದು, ಸಾವಿನ ಜ್ಞಾಪಕ. ಯುರೋಪಿನ ಹಲವು ಮೇಸನ್ ಲಾಡ್ಜ್‌ಗಳಲ್ಲಿ ಹೊಸಬನನ್ನು ಮೊದಲು ಒಂದು ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ. ಅಲ್ಲಿ ಬುರುಡೆ, ಮರಳು ಗಡಿಯಾರ, ರೊಟ್ಟಿ, ನೀರು ಇರುತ್ತವೆ. ಅವನು ಅಲ್ಲೇ ಕುಳಿತು ಉಯಿಲು ಬರೆಯುವ ಹಾಗೆ ತನ್ನ ಮನಸ್ಸಿನ ಮಾತು ಬರೆಯಬೇಕು. “ನೀನೂ ಒಂದು ದಿನ ಹೀಗೇ” ಎಂಬುದಷ್ಟೇ ಆ ಬುರುಡೆಯ ಸಂದೇಶ. ಖಬರ್‌ಸ್ಥಾನದ ಪಕ್ಕ ಹಾದುಹೋಗುವಾಗ ಮನಸ್ಸಿಗೆ ಬರುವ ಯೋಚನೆಗಿಂತ ಹೆಚ್ಚಿನದ್ದೇನೂ ಅದರಲ್ಲಿಲ್ಲ.

ಹಾಗಂತ ಈ ಚಿಹ್ನೆಗಳೆಲ್ಲ ನಿರುಪದ್ರವಿ ಎಂದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1832ರಲ್ಲಿ ಶುರುವಾದ ‘ಸ್ಕಲ್ ಆ್ಯಂಡ್ ಬೋನ್ಸ್’ ಎಂಬ ವಿದ್ಯಾರ್ಥಿ ಸಂಘವಿದೆ. 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎದುರಾಳಿಗಳಾಗಿದ್ದ ಜಾರ್ಜ್ ಬುಶ್ ಮತ್ತು ಜಾನ್ ಕೆರ್ರಿ ಇಬ್ಬರೂ ಅದರ ಸದಸ್ಯರು. ಅಪಾಚೆ ಬುಡಕಟ್ಟಿನ ನಾಯಕ ಜೆರೊನಿಮೊ 1909ರಲ್ಲಿ ಫೋರ್ಟ್ ಸಿಲ್‌ನಲ್ಲಿ ಯುದ್ಧಕೈದಿಯಾಗಿಯೇ ತೀರಿಕೊಂಡರು. ಅವರ ಗೋರಿಯಿಂದ ಬುರುಡೆ ತೆಗೆದು ತಂದಿದ್ದೇವೆ ಎಂದು ಆ ಸಂಘದ ಸದಸ್ಯನೊಬ್ಬ 1918ರಲ್ಲಿ ಬರೆದ ಪತ್ರ 2006ರಲ್ಲಿ ಬೆಳಕಿಗೆ ಬಂತು. ಅಲ್ಲಿರುವುದು ಜೆರೊನಿಮೊ ಅವರದ್ದೇ ಎಂದು ಸಾಬೀತಾಗಿಲ್ಲ. ವಂಶಸ್ಥರು 2009ರಲ್ಲಿ ಹೂಡಿದ ದಾವೆ ಮರುವರ್ಷ ವಜಾ ಆಯಿತು. ಇಲ್ಲಿ ಪ್ರಶ್ನೆ ಸೈತಾನನದ್ದಲ್ಲ. ಸೋತ ಜನರ ಮೂಳೆಯನ್ನೂ ಶ್ರೀಮಂತರ ಮಕ್ಕಳು ಆಟಿಕೆ ಮಾಡಿಕೊಳ್ಳಬಹುದೇ ಎಂಬುದು. ರಹಸ್ಯ ಸಂಘವನ್ನು ಟೀಕಿಸುವುದಾದರೆ ಇಂಥ ಗಟ್ಟಿ ಕಾರಣಗಳಿಗೆ ಟೀಕಿಸಬೇಕು.

ಆಡು ಬಂದದ್ದು ಯಾವಾಗ?

ಸುಟ್ಟುಹೋದ ಟೆಂಪ್ಲರರು ಐನೂರು ವರ್ಷಗಳ ನಂತರ ಪುಸ್ತಕಗಳಲ್ಲಿ ಎದ್ದುಬಂದರು. 1818ರಲ್ಲಿ ಆಸ್ಟ್ರಿಯಾದ ವಿದ್ವಾಂಸ ಹ್ಯಾಮರ್-ಪುರ್ಗ್‌ಸ್ಟಾಲ್ ಬಾಫೊಮೆಟ್ ಬಗ್ಗೆ ಒಂದು ಗ್ರಂಥ ಬರೆದು ಹಳೆ ಆರೋಪಕ್ಕೆ ಪಾಂಡಿತ್ಯದ ಬಣ್ಣ ಬಳಿದ. 1850ರ ದಶಕದಲ್ಲಿ ಎಲಿಫಾಸ್ ಲೆವಿ ಎಂಬ ಫ್ರೆಂಚ್ ಲೇಖಕ ತನ್ನ ಮಂತ್ರವಿದ್ಯೆಯ ಪುಸ್ತಕಕ್ಕೆ ಆಡಿನ ತಲೆಯ ಚಿತ್ರ ಬರೆದ. ಮೊಬೈಲ್‌ಗಳಲ್ಲಿ ಓಡಾಡುವ ಚಿತ್ರ ಇದೇ. ಟೆಂಪ್ಲರರ ಯಾವ ಹೇಳಿಕೆಯಲ್ಲೂ ಈ ರೂಪ ಇಲ್ಲ.

ಮುಂದಿನ ಹೆಜ್ಜೆ ಇನ್ನೂ ಮಜಾ. ಲಿಯೊ ತಾಕ್ಸಿಲ್ ಎಂಬ ಫ್ರೆಂಚ್ ಪತ್ರಕರ್ತ, ಫ್ರೀಮೇಸನ್‌ಗಳು ಗುಟ್ಟಾಗಿ ಬಾಫೊಮೆಟ್‌ನನ್ನು ಪೂಜಿಸುತ್ತಾರೆ ಎಂದು ವರ್ಷಗಟ್ಟಲೆ ಪುಸ್ತಕ ಬರೆದು ಮಾರಿದ. ಸ್ವತಃ ಪೋಪರೇ ಅವನನ್ನು ಭೇಟಿಯಾಗಿದ್ದರು. 1897ರ ಏಪ್ರಿಲ್ 19ರಂದು ಪ್ಯಾರಿಸ್‌ನಲ್ಲಿ ಸಭೆ ಕರೆದು, ತಾನು ಬರೆದದ್ದೆಲ್ಲ ಸುಳ್ಳು, ಜನರನ್ನು ಮಂಗ ಮಾಡಲೆಂದೇ ಬರೆದದ್ದು ಅಂತ ಅವನೇ ಹೇಳಿಬಿಟ್ಟ. ಕನ್ನಡದಲ್ಲಿ ‘ಬುರುಡೆ’ ಅಂದರೆ ತಲೆಬುರುಡೆಯೂ ಹೌದು, ಸುಳ್ಳೂ ಹೌದು. ತಾಕ್ಸಿಲ್ ಬಿಟ್ಟದ್ದು ಎರಡನೇ ಬಗೆಯದ್ದು. ಲೇಖಕನೇ ಸುಳ್ಳೆಂದು ಒಪ್ಪಿಕೊಂಡ ಮೇಲೂ ಆ ಕತೆ ಸಾಯಲಿಲ್ಲ. ಮೊಬೈಲಿಗೆ ಬರುವ ವೀಡಿಯೊಗಳಲ್ಲಿ ಇಂದಿಗೂ ಓಡುತ್ತಿರುವುದು ಹೆಚ್ಚುಕಡಿಮೆ ಅದೇ ಸರಕು.

ಇದನ್ನು ತಿಳಿಯುವುದು ಯಾಕೆ ಮುಖ್ಯ?

ಟೆಂಪ್ಲರರನ್ನು ಮುಗಿಸಿದ ಯಂತ್ರ ಅವರೊಂದಿಗೆ ಸುಟ್ಟುಹೋಗಲಿಲ್ಲ. 1321ರಲ್ಲಿ, ಫಿಲಿಪ್‌ನ ಮಗ ರಾಜನಾಗಿದ್ದಾಗ, ಫ್ರಾನ್ಸಿನ ಕುಷ್ಠರೋಗಿಗಳ ಮೇಲೆ ಹೊಸ ಆರೋಪ ಎದ್ದಿತು. ಅವರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ, ಯಹೂದಿಗಳು ಮಧ್ಯವರ್ತಿಗಳು, ಇದಕ್ಕೆ ಹಣ ಕೊಟ್ಟದ್ದು ಗ್ರಾನಡಾದ ಮುಸ್ಲಿಂ ದೊರೆ ಅಂತ. ದೊರೆಗಳ ಹೆಸರಲ್ಲಿ ಖೋಟಾ ಪತ್ರಗಳೂ ಹುಟ್ಟಿಕೊಂಡವು. ಮತ್ತೆ ಚಿತ್ರಹಿಂಸೆ, ಮತ್ತೆ ತಪ್ಪೊಪ್ಪಿಗೆ, ಮತ್ತೆ ಬೆಂಕಿ. ಈ ಸಲ ಸತ್ತವರು ಕೋಟೆ, ಖಜಾನೆ ಇದ್ದವರಲ್ಲ. ಊರಾಚೆ ಬದುಕುತ್ತಿದ್ದ ರೋಗಿಗಳು.

ಒಂದು ಗುಂಪಿನ ಮುಚ್ಚಿದ ಬಾಗಿಲು, ಅದರ ಬಗ್ಗೆ ಗುಸುಗುಸು, ಹೊರಗಿನ ಶತ್ರುವಿನ ನಂಟು, ಹೊಡೆದು ಬರೆಸಿಕೊಂಡ ಹೇಳಿಕೆ, ಕೊನೆಗೆ ಆಸ್ತಿ ಜಪ್ತಿ. ಈ ಕ್ರಮ ಒಮ್ಮೆ ಗೊತ್ತಾದರೆ ಬೇರೆ ಹೆಸರುಗಳಲ್ಲಿ ಬಂದಾಗಲೂ ಗುರುತು ಸಿಗುತ್ತದೆ. ಯಾವುದೇ ಅಲ್ಪಸಂಖ್ಯಾತ ಸಮುದಾಯಕ್ಕೆ ಈ ಗುರುತು ಹಿಡಿಯುವ ಕಣ್ಣು ಬೇಕೇ ಬೇಕು. ತನ್ನ ಮೇಲೆ ಬರುವ ಸುಳ್ಳನ್ನು ಪ್ರಶ್ನಿಸುವವನು, ಇನ್ನೊಬ್ಬರ ಮೇಲೆ ಬರುವ ಸುಳ್ಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಯಹೂದಿಯ ಮೇಲಿರಲಿ, ಮೇಸನ್ ಮೇಲಿರಲಿ, ತಕ್ಕಡಿ ಬದಲಾಗಬಾರದು.

ಇನ್ನೊಮ್ಮೆ ಆ ಆಡಿನ ತಲೆಯ ವೀಡಿಯೊ ಬಂದರೆ ಕೇಳಬೇಕಾದ ಪ್ರಶ್ನೆಗಳು ಸರಳ. ಇದನ್ನು ಕಣ್ಣಾರೆ ಕಂಡವರು ಯಾರು? ಅವರು ಯಾವ ಸ್ಥಿತಿಯಲ್ಲಿ ಹಾಗೆ ಹೇಳಿದರು? ಹೇಳಿಸಿದವನಿಗೆ ಲಾಭ ಏನಿತ್ತು? ಈ ಚಿತ್ರ ಎಷ್ಟು ಹಳೆಯದು? ಬಾಫೊಮೆಟ್‌ನ ವಿಷಯದಲ್ಲಿ ನಾಲ್ಕಕ್ಕೂ ಉತ್ತರ ದಾಖಲೆಯಲ್ಲಿದೆ. ಕಂಡೆವೆಂದವರ ಮಾತು ತಾಳೆಯಾಗಲಿಲ್ಲ. ಹೇಳಿದ್ದು ಸೆರೆಮನೆಯಲ್ಲಿ. ಲಾಭ ಸಾಲದಲ್ಲಿದ್ದ ರಾಜನಿಗೆ. ಚಿತ್ರ 19ನೇ ಶತಮಾನದ್ದು. ಹೆಸರು ಮಾತ್ರ ಹಳೆಯದು. ಆ ಹೆಸರಿನ ಮೂಲ ತಿಳಿದ ಮೇಲೂ ಫಾರ್ವರ್ಡ್ ಗುಂಡಿ ಒತ್ತಬೇಕೇ ಎಂಬುದು ಒತ್ತುವ ಬೆರಳಿಗೆ ಬಿಟ್ಟದ್ದು.